ಸಪ್ಪಳ ಮಾಡದ ಕೂಲರ್ ಹುಡುಕುತ್ತ

ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವ ನಮ್ಮಂಥವರಿಗೆ ಬೀದಿಯ ಹಾರ್ನ್ ದೊಡ್ಡ ತೊಂದರೆಯಲ್ಲ. ಅದು ಬಂದು ಹೋಗುತ್ತದೆ, ಆ ವಾಕ್ಯವನ್ನು ಇನ್ನೊಮ್ಮೆ ಓದಿದರಾಯಿತು. ಮೇಜಿನ ಕೆಳಗಿನ ಕಂಪ್ಯೂಟರ್ ಹಾಗಲ್ಲ. ಅದರ ಮುಖ್ಯ ಚಿಪ್ಪಾದ ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ಪುಟ್ಟ ಫ್ಯಾನ್ ಗುಂಯ್ ಎಂದು ಏರುತ್ತದೆ, ಇಳಿಯುತ್ತದೆ, ಫೈಲ್ ಸೇವ್ ಆಗುವಾಗ ಮತ್ತೆ ಏರುತ್ತದೆ. ಸದ್ದು ಒಂದೇ ಸಮನೆ ಇದ್ದರೆ ಅಡಾಸಿಟಿಯಂಥ ಸಾಫ್ಟ್‌ವೇರ್ ಅದನ್ನು ಚೆನ್ನಾಗಿಯೇ ತೆಗೆಯುತ್ತದೆ. ಮಾತಿಲ್ಲದ ಒಂದು ತುಣುಕನ್ನು ಮಾದರಿಯಾಗಿ ತೋರಿಸಿದರೆ ಅದಕ್ಕೆ ಹೋಲುವುದನ್ನೆಲ್ಲ ತಗ್ಗಿಸುತ್ತದೆ. ಏರಿಳಿಯುವ ಸದ್ದಿಗೆ ಆ ಉಪಾಯ ನಡೆಯುವುದಿಲ್ಲ. ಹಟ ಹಿಡಿದು ಜಾಸ್ತಿ ತೆಗೆದರೆ ಸ, ಶ, ಹ ಅಕ್ಷರಗಳೇ ಸವೆದುಹೋಗುತ್ತವೆ. ಕೇಳುವ ಮಕ್ಕಳಲ್ಲಿ ಹಲವರು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವವರು. ಸವೆದ ಅಕ್ಷರ ಆ ವೇಗದಲ್ಲಿ ಅವರಿಗೆ ಸಿಗುವುದೇ ಇಲ್ಲ. ಪರೀಕ್ಷೆಗೆ ಓದುವ ಮಗುವಿಗೆ ಅದು ಸಣ್ಣ ವಿಷಯವಲ್ಲ.

ಹುಬ್ಬಳ್ಳಿಯ ಬೇಸಿಗೆಯಲ್ಲಿ ಇದು ಇನ್ನೂ ಜಾಸ್ತಿ. ರೆಕಾರ್ಡಿಂಗ್ ಹೊತ್ತಿಗೆ ಸೀಲಿಂಗ್ ಫ್ಯಾನ್ ಬಂದ್, ಕಿಟಕಿ ಬಂದ್. ಗಾಳಿಯಿಂದ ತಂಪಾಗುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಕೋಣೆಯಲ್ಲೇ 36 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದ ಮೇಲಕ್ಕೇ ಶುರು.

ನನ್ನ ಪ್ರೊಸೆಸರ್ ಎಎಂಡಿ ಕಂಪನಿಯ 65 ವ್ಯಾಟಿನದು, ಆರು ಕೋರ್; ಅದು ಮದರ್‌ಬೋರ್ಡಿನಲ್ಲಿ ಕೂರುವ ಜಾಗ, ಅಂದರೆ ಸಾಕೆಟ್, ಎಎಂ4 ಎಂಬ ಬಗೆಯದು. ಅದರ ಮೇಲಿದ್ದ ಹಳೆಯ ಕೂಲರ್ ಗಿಡ್ಡನೆಯದು. ಅದನ್ನು ದೂರಿ ಪ್ರಯೋಜನವಿಲ್ಲ. ಅಲ್ಯೂಮಿನಿಯಂ ಹಲ್ಲುಗಳು ಕಡಿಮೆ ಇದ್ದಾಗ ಶಾಖವನ್ನು ಹೊರಹಾಕಲು ಫ್ಯಾನ್ ಜೋರಾಗಿ ಸುತ್ತಲೇಬೇಕು. ಸದ್ದಿನ ಮೂಲ ಅದು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧದಷ್ಟಾದಂತೆ ಕೇಳುತ್ತದೆ. ಹಾಗಾಗಿ ನಾನು ಹುಡುಕಬೇಕಾದದ್ದು ದೊಡ್ಡ ಮೈಯ, ದೊಡ್ಡ ರೆಕ್ಕೆಯ, ನಿಧಾನ ಸುತ್ತುವ ಕೂಲರ್. ಎತ್ತಿಟ್ಟಿದ್ದು ಎರಡು ಸಾವಿರ ರೂಪಾಯಿಯ ಆಸುಪಾಸು.

ಅಂಗಡಿಯ ಹುಡುಗ ಮೊದಲು ಹೇಳಿದ್ದೇ ಬೇರೆ. “ಅಕ್ಕಾರ, ವಾಟರ್ ಕೂಲರ್ ಹಾಕಿಸಿಬಿಡ್ರಿ, ಸಪ್ಪಳಾನ ಬರೂದಿಲ್ಲ.” ನೀರು ಇದ್ದಲ್ಲಿ ಪಂಪ್ ಇರುತ್ತದೆ, ಕಂಪ್ಯೂಟರ್ ಹಚ್ಚಿದಾಗಿಂದ ಬಂದ್ ಮಾಡುವತನಕ ಅದು ಓಡುತ್ತದೆ, ಜೊತೆಗೆ ನೀರಿನ ಬಿಸಿ ಆರಿಸುವ ರೇಡಿಯೇಟರಿನ ಫ್ಯಾನುಗಳೂ ಇರುತ್ತವೆ. ಮೈಕ್ ಇಟ್ಟುಕೊಂಡು ಕೂರುವವರಿಗೆ 65 ವ್ಯಾಟಿನ ಶಾಖಕ್ಕಾಗಿ ಅಷ್ಟೆಲ್ಲ ಬೇಕಿಲ್ಲ ಎಂದೆ. ಅವನು ಬೇಜಾರು ಮಾಡಿಕೊಳ್ಳದೆ ಟವರ್ ಕೂಲರುಗಳ ಡಬ್ಬಿ ಇಳಿಸಿದ.

ಟವರ್ ಕೂಲರ್ ಕೆಲಸ ಮಾಡುವ ಬಗೆ ನನಗೆ ಬಹಳ ಇಷ್ಟ. ಬೆರಳಿಗಿಂತ ಸಪೂರದ ತಾಮ್ರದ ಕೊಳವೆಗಳು; ಒಳಗೆ ಗಾಳಿ ತೆಗೆದು ಚೂರೇ ಚೂರು ದ್ರವ ಹಾಕಿ ಮುಚ್ಚಿರುತ್ತಾರೆ. ಬುಡದಲ್ಲಿ ಪ್ರೊಸೆಸರಿನ ಬಿಸಿಗೆ ದ್ರವ ಆವಿಯಾಗಿ ಮೇಲೇರುತ್ತದೆ, ಅಲ್ಲಿನ ತೆಳು ತಗಡುಗಳಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ, ಕೊಳವೆಯ ಒಳಗೋಡೆಯ ಸಣ್ಣ ರಂಧ್ರಗಳ ಮೂಲಕ ಬತ್ತಿಯಲ್ಲಿ ಎಣ್ಣೆ ಹರಿದ ಹಾಗೆ ಬುಡಕ್ಕೆ ವಾಪಸಾಗುತ್ತದೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ಸದ್ದಂತೂ ಇಲ್ಲವೇ ಇಲ್ಲ.

ಆಯ್ಕೆಯನ್ನು ತೀರ್ಮಾನಿಸಿದ್ದು ಅಳತೆಯ ಟೇಪು. ನನ್ನ ಕ್ಯಾಬಿನೆಟ್ಟಿನಲ್ಲಿ 155 ಮಿಲಿಮೀಟರಿಗಿಂತ ಎತ್ತರದ ಕೂಲರ್ ಕೂರುವುದಿಲ್ಲ. ಎಲ್ಲರೂ ಹೇಳುವ ಹೈಪರ್ 212ರ ಹೆಚ್ಚುಕಡಿಮೆ 159 ಮಿಲಿಮೀಟರಿನ ಮಾದರಿ ಹಾಕಿದರೆ ಪಕ್ಕದ ಬಾಗಿಲು ಮುಚ್ಚದು. ಡೀಪ್‌ಕೂಲ್ ಎಜಿ400 ಎತ್ತರ 150. ನಾಲ್ಕು ಕೊಳವೆ, 120 ಮಿಲಿಮೀಟರಿನ ಒಂದು ಫ್ಯಾನ್, ಬೆಲೆಯೂ ಕೈಗೆಟಕಿತು. ನಾಕ್ಚುವಾ ಕೂಲರುಗಳ ಮೌನದ ಬಗ್ಗೆ ಎಲ್ಲರೂ ಹೊಗಳುತ್ತಾರೆ, ನಿಜವೇ ಇರಬೇಕು, ಆದರೆ ಅದಕ್ಕೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಒಳ್ಳೆ ಮೈಕ್ ಬರುತ್ತದೆ.

ಹಳೆಯದನ್ನು ಬಿಚ್ಚುವುದೇ ನಾಜೂಕಿನ ಕೆಲಸ. ಎಎಂ4 ಪ್ರೊಸೆಸರಿನ ಪಿನ್ನುಗಳು ಅದರ ಹೊಟ್ಟೆಯ ಕೆಳಗೇ ಇರುತ್ತವೆ. ಶಾಖ ದಾಟಲೆಂದು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿಕೊಂಡಾಗ ಕೂಲರನ್ನು ನೆಟ್ಟಗೆ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ, ಪಿನ್ನು ಬಾಗುತ್ತವೆ. ಅದಕ್ಕೆ ಮೊದಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ದುಡಿಸಿ, ಪೇಸ್ಟ್ ಮೆತ್ತಗಾದ ಮೇಲೆ ಬಂದ್ ಮಾಡಿ ವೈರ್ ತೆಗೆದೆ. ಸ್ಕ್ರೂ ಸಡಿಲಿಸುವ ಮುಂಚೆ ತಂಗಿಯ ಮಗನನ್ನು ಕರೆದೆ, ಮದರ್‌ಬೋರ್ಡಿನ ಹಿಂದಿನ ಲೋಹದ ಪಟ್ಟಿ ಬೀಳದ ಹಾಗೆ ಹಿಡಿದುಕೊಳ್ಳಲಿಕ್ಕೆ. ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವುತ್ತಿದ್ದಾಗ “ದೊಡ್ಡವ್ವಾ, ಸಾವಕಾಶ!” ಎಂದು ಅವನೇ ಉಸಿರು ಬಿಗಿಹಿಡಿದಿದ್ದ. ಬಿಟ್ಟುಕೊಂಡಿತು, ಪ್ರೊಸೆಸರ್ ತನ್ನ ಜಾಗದಲ್ಲೇ ಉಳಿಯಿತು. ಹಳೇ ಪೇಸ್ಟ್ ಒರೆಸಿ, ಹೊಸ ಕೂಲರನ್ನು ಕೂರಿಸಿ, ಎರಡೂ ಕಡೆಯ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ.

ಕೂಲರ್ ಹಾಕಿದ ಮಾತ್ರಕ್ಕೆ ಏರಿಳಿತ ಪೂರ್ತಿ ನಿಲ್ಲಲಿಲ್ಲ, ದನಿ ಮಾತ್ರ ತಗ್ಗಿತು. ಇಂಥ ಪ್ರೊಸೆಸರುಗಳಲ್ಲಿ ಶಾಖ ಹುಟ್ಟುವ ಜಾಗ ಬಹಳ ಚಿಕ್ಕದು, ಒಂದು ಫೈಲ್ ತೆರೆದರೂ ಉಷ್ಣತೆ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿಯುತ್ತದೆ, ಫ್ಯಾನ್ ಅದರ ಹಿಂದೆ ಓಡುತ್ತದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ಗೆ ಹೋಗಿ 65 ಡಿಗ್ರಿಯವರೆಗೆ ಫ್ಯಾನ್ ಒಂದೇ ನಿಧಾನದ ವೇಗದಲ್ಲಿರಲಿ, ಆಮೇಲೆ ಏರುವಾಗಲೂ ಕೆಲವು ಸೆಕೆಂಡು ತಡೆದು ಏರಲಿ ಎಂದು ಹೊಂದಿಸಿದೆ. ಬಿಟ್ಟಿ ಕೆಲಸ ಇದು, ಹಳೆಯ ಕೂಲರ್ ಇಟ್ಟುಕೊಂಡವರೂ ಮೊದಲು ಇದನ್ನೇ ಮಾಡಿ ನೋಡಲಿ ಎಂದು ನನ್ನ ಕಳಕಳಿ. ಈಗ ಓದುವ ಹೊತ್ತಿನಲ್ಲಿ ಉಳಿದಿರುವುದು ಏರಿಳಿತವಿಲ್ಲದ ತೆಳು ಗಾಳಿಯ ಸದ್ದು. ಅದನ್ನು ಸಾಫ್ಟ್‌ವೇರ್ ಹೆಚ್ಚು ಒತ್ತಡವಿಲ್ಲದೆ ತೆಗೆಯುತ್ತದೆ, ಶಕಾರ ಸಕಾರ ಎರಡೂ ಬೇರೆಬೇರೆಯಾಗಿ ಕೇಳುತ್ತವೆ.

ಇದೇ ಕೂಲರ್ ಎಎಂ4ರ ನಂತರ ಬಂದ ಎಎಂ5 ಸಾಕೆಟ್ಟಿಗೂ ಕೂರುತ್ತದೆ, ಇಂಟೆಲ್ ಬೋರ್ಡಿನ ಬಿಡಿಭಾಗಗಳೂ ಡಬ್ಬಿಯಲ್ಲೇ ಇವೆ. ಮುಂದೆ ಕಂಪ್ಯೂಟರ್ ಬದಲಿಸಿದರೂ ಇದನ್ನು ಅದಕ್ಕೇ ಹಾಕಿಸುತ್ತೇನೆ.