ಫ್ರಾಂಕ್‌ಫರ್ಟಿನ ಗೋಪುರ ಹತ್ತಿದ ಹುಡುಗಿ

ಬಾಗಲಕೋಟೆಯ ನಮ್ಮ ಶಾಲೆಯಲ್ಲಿ ಆಗ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಕಪಾಟುಗಳು. ಸ್ವಿಟ್ಜರ್ಲೆಂಡಿನ ಲೇಖಕಿ ಯೊಹಾನ್ನಾ ಸ್ಪೀರಿಯವರ ‘ಹೈಡಿ’ ಕಾದಂಬರಿ ಅಲ್ಲಿತ್ತು, ಮಕ್ಕಳಿಗೆಂದು ಮೊಟಕುಗೊಳಿಸಿದ ಇಂಗ್ಲಿಷ್ ಪ್ರತಿ. ಶನಿವಾರದ ಕೊನೆಯ ಅವಧಿಯಲ್ಲಿ ನಮ್ಮ ಇಂಗ್ಲಿಷ್ ಗುರುಗಳು ಅದರ ಒಂದು ಪುಟ ಓದಿ, ಪುಸ್ತಕ ಮಡಚಿಟ್ಟು, ಮುಂದಿನದನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಈಚೆಗೆ ಪೂರ್ತಿ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಮೂಲ ಜರ್ಮನ್ ಕೃತಿ 1880 ಮತ್ತು 1881ರಲ್ಲಿ ಎರಡು ಭಾಗಗಳಾಗಿ ಬಂತು. ಐದು ವರ್ಷದ ಅನಾಥ ಹುಡುಗಿಯನ್ನು ಚಿಕ್ಕಮ್ಮ ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿರುವ ಅಜ್ಜನ ಗುಡಿಸಲಿಗೆ ತಂದುಬಿಡುತ್ತಾಳೆ. ಜೂನ್ ತಿಂಗಳ ಬಿಸಿಲಲ್ಲಿ ಒಂದರ ಮೇಲೊಂದು ಅಂಗಿ ತೊಟ್ಟು ಬೆಟ್ಟ ಹತ್ತುವ ಮಗು ಅವನ್ನೆಲ್ಲ ಕಳಚಿಟ್ಟು ಆಡುಗಳ ಜೊತೆ ಓಡುತ್ತದೆ. ಅಟ್ಟದ ಮೇಲೆ ಒಣಹುಲ್ಲಿನ ಹಾಸಿಗೆ, ಗುಂಡು ಕಿಟಕಿ, ಬೆಂಕಿಗೆ ಹಿಡಿದು ಕರಗಿಸಿದ ಚೀಸ್, ಬಿಳಿಯದೊಂದು ಕಂದುಬಣ್ಣದ್ದೊಂದು ಎರಡು ಆಡುಗಳು. ಇವೆಲ್ಲ ನನಗೆ ನೆನಪಿದ್ದವು. ಮರೆತದ್ದು ಜರ್ಮನಿಯ ಫ್ರಾಂಕ್‌ಫರ್ಟ್. ಕಾದಂಬರಿಯ ಜೀವವಿರುವುದು ಅಲ್ಲೇ ಎಂದು ಈಗ ನನಗೆ ಖಚಿತವಾಗಿದೆ.

ಎಂಟನೆಯ ವಯಸ್ಸಿಗೆ ಹೈಡಿಯನ್ನು ಆ ಶಹರಕ್ಕೆ ಕರೆದೊಯ್ಯುತ್ತಾರೆ. ಗಾಲಿಕುರ್ಚಿಯಲ್ಲಿರುವ ಕ್ಲಾರಾ ಎಂಬ ಶ್ರೀಮಂತರ ಮಗಳಿಗೆ ಜೊತೆ ಬೇಕಾಗಿರುತ್ತದೆ. ಅಲ್ಲಿ ಊಟಕ್ಕೆ ಕೊರತೆಯಿಲ್ಲ, ಕ್ಲಾರಾಳ ಪ್ರೀತಿಗೂ ಕೊರತೆಯಿಲ್ಲ. ಆದರೆ ಯಾವ ಕಿಟಕಿ ತೆರೆದರೂ ಕಾಣುವುದು ಗೋಡೆ. ಎತ್ತರಕ್ಕೆ ಹೋದರೆ ಬೆಟ್ಟ ಕಂಡೀತೆಂದು ಹುಡುಗಿ ದಾರಿ ಕೇಳಿಕೊಂಡು ಹೋಗಿ ಚರ್ಚಿನ ಗೋಪುರ ಹತ್ತುತ್ತಾಳೆ.

ಗುರುಗಳು ಈ ಭಾಗ ಹೇಳುತ್ತಿದ್ದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗ ಕೈ ಎತ್ತದೆಯೇ ಎದ್ದು ನಿಂತು ಕೇಳಿದ: “ಸರ್, ಬೆಟ್ಟ ಕಾಣಿಸಿತೇ?” ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ವರ್ಷಗಳವು. 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನ ನೀರು ನಮ್ಮ ಕಾಲಕ್ಕೆ ಮನೆಬಾಗಿಲಿಗೆ ಬಂದಿತ್ತು. ನೀರು ನಿಲ್ಲಿಸುವ ಮಟ್ಟವಾದ 519.6 ಮೀಟರ್ ಎಂಬ ಅಂಕಿ ಚಹಾದಂಗಡಿಯಲ್ಲೂ ಕೇಳುತ್ತಿತ್ತು. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಖಾಲಿಯಾಗಿ ಜನ ನವನಗರ ಸೇರುತ್ತಿದ್ದರು. ಮುಳುಗಡೆ ಹಳ್ಳಿಗಳ ಮಕ್ಕಳು ವರ್ಷದ ನಡುವೆಯೇ ವರ್ಗಾವಣೆ ಪತ್ರ ಹಿಡಿದು ನಮ್ಮ ತರಗತಿಗೆ ಬರುತ್ತಿದ್ದರು. ಆ ಹುಡುಗನೂ ಹಾಗೆ ಬಂದವನು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ತಮ್ಮಾ, ಬರೀ ಮಾಳಿಗೆಗಳು ಕಾಣಿಸಿದವು” ಎಂದರು. ಮೇಲೆ ಹೋಗಿ ಹುಡುಗಿ ಕಂಡದ್ದು ಮನೆಗಳ ಮಾಡು, ಗೋಪುರ, ಹೊಗೆಕೊಳವೆ, ಅಷ್ಟೇ. ಪುಸ್ತಕದಲ್ಲೂ ಹಾಗೆಯೇ ಇದೆ. ಮಗುವನ್ನು ಸಮಾಧಾನಪಡಿಸಲು ಅವರು ಕಥೆಯನ್ನು ತಿದ್ದಲಿಲ್ಲ. ಅದಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ.

ಸ್ಪೀರಿ ಊರಿನ ಹಂಬಲವನ್ನು ಮಕ್ಕಳ ಹಟವೆಂದು ತಳ್ಳಿಹಾಕುವುದಿಲ್ಲ, ಕಾಯಿಲೆಯೆಂದೇ ಬರೆಯುತ್ತಾರೆ. ಅತ್ತರೆ ಕೃತಘ್ನಳೆಂದುಕೊಂಡಾರು ಎಂಬ ಭಯಕ್ಕೆ ಹೈಡಿ ದಿಂಬಿನಲ್ಲಿ ಮುಖ ಹುದುಗಿಸಿ ಅಳುತ್ತಾಳೆ, ಸೊರಗುತ್ತಾಳೆ. ದಿನಾ ಬೆಳಗಾದರೆ ಆ ಮನೆಯ ಮುಂಬಾಗಿಲು ತೆರೆದಿರುತ್ತದೆ. ಆಳುಗಳು ದೆವ್ವವೆಂದು ನಡುಗುತ್ತಾರೆ. ಕ್ಲಾರಾಳ ತಂದೆ, ಅವರ ವೈದ್ಯ ಗೆಳೆಯ ಇಬ್ಬರೂ ರಾತ್ರಿ ಕಾವಲು ಕುಳಿತಾಗ ಸಿಕ್ಕವಳು ಬಿಳಿ ಅಂಗಿಯಲ್ಲಿ, ನಿದ್ದೆಯಲ್ಲಿ ನಡೆದುಬಂದ ಹೈಡಿ. ಅಜ್ಜನ ಗುಡಿಸಲಲ್ಲಿದ್ದೇನೆಂದು ಕನಸು ಕಂಡು, ನಕ್ಷತ್ರ ನೋಡಲು ಬಾಗಿಲು ತೆರೆಯುತ್ತಿದ್ದಾಳೆ. ವೈದ್ಯರು ಗುಳಿಗೆ ಬರೆದುಕೊಡುವುದಿಲ್ಲ. ತಡಮಾಡದೆ ಊರಿಗೆ ಕಳಿಸಿ ಎನ್ನುತ್ತಾರೆ. ನನ್ನ ಪಕ್ಕದ ಹುಡುಗನಿಗೆ ಆ ಮದ್ದು ಇರಲಿಲ್ಲ, ಅವನ ಊರು ನೀರಿನಡಿ ಹೋಗಿತ್ತು. ಈ ಅಧ್ಯಾಯವನ್ನು ಈಗ ಒಂದೇ ಓಟದಲ್ಲಿ ಓದಲು ನನ್ನಿಂದ ಆಗಲಿಲ್ಲ.

ಇನ್ನೊಂದು ಸಂಗತಿ ಮೊಟಕು ಪ್ರತಿಯಲ್ಲಿ ಎರಡೇ ಸಾಲಿಗೆ ಇಳಿದಿತ್ತು. ಆಡು ಕಾಯುವ ಪೀಟರ್‌ನ ಕುರುಡಿ ಅಜ್ಜಿಗೆ ಊರಿನ ಕಪ್ಪು ಬ್ರೆಡ್ ಅಗಿಯಲಾಗದು. ನಮ್ಮ ಅಜ್ಜಿಯಂದಿರು ಕಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದನ್ನು ನೋಡಿದವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಹೈಡಿ ಫ್ರಾಂಕ್‌ಫರ್ಟಿನ ಊಟದ ಮೇಜಿನಿಂದ ಮೆತ್ತನೆಯ ಬಿಳಿ ಬನ್ನುಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಕೂಡಿಡುತ್ತಾಳೆ. ಮನೆವಾರ್ತೆಯ ರೊಟೆನ್‌ಮಯರ್ ಅವನ್ನು ಎಸೆಯಿಸಿದಾಗ ಹುಡುಗಿ ಗೋಳೋ ಎಂದು ಅಳುತ್ತಾಳೆ. ಆ ಅಳು ಪೂರ್ತಿ ಪುಸ್ತಕದಲ್ಲೇ ಕೇಳಿಸುವುದು.

ಎರಡನೆಯ ಭಾಗ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಬೆಟ್ಟದ ಗಾಳಿ, ಆಡಿನ ಹಾಲು ಸೇರಿ ಕ್ಲಾರಾ ನಡೆಯತೊಡಗುವುದು ತೀರ ಸಲೀಸಾಯಿತು. ದೈವಭಕ್ತಿಯ ಉಪದೇಶವೂ ಕೆಲವೆಡೆ ಉದ್ದವಾಯಿತು. ಆದರೆ ಪೀಟರ್ ಇದ್ದಾನೆ. ಶಹರದವರು ಬಂದು ಗೆಳತಿಯನ್ನು ಕಸಿದುಕೊಂಡರೆಂದು ಅವನು ಕ್ಲಾರಾಳ ಗಾಲಿಕುರ್ಚಿಯನ್ನು ಕಣಿವೆಗೆ ನೂಕಿಬಿಡುತ್ತಾನೆ. ನಮ್ಮ ತರಗತಿಯಲ್ಲಿ ಅಂದು ದೊಡ್ಡ ವಾದವೇ ನಡೆಯಿತು. ಹುಡುಗಿಯರು ಶಿಕ್ಷೆಯಾಗಲೇಬೇಕೆಂದರು, ಹಿಂದಿನ ಬೆಂಚಿನವರು ಪೀಟರ್‌ನ ಪರ ನಿಂತರು. ಕ್ಲಾರಾಳ ಅಜ್ಜಿ ಅವನನ್ನು ಹೊಡೆಯುವುದಿಲ್ಲ, ಎದುರಿಗೆ ಕೂರಿಸಿಕೊಂಡು ಮಾತನಾಡುತ್ತಾಳೆ. ಏನು ಬೇಕೆಂದು ಕೇಳಿದರೆ ಅವನು ಬಯಸುವುದು ಹತ್ತು ಫೆನಿಗ್, ಜರ್ಮನಿಯ ಚಿಲ್ಲರೆ ಕಾಸು. ಬದುಕಿರುವವರೆಗೂ ವಾರಕ್ಕೆ ಹತ್ತು ಫೆನಿಗ್ ಅವನಿಗೆ ಸಿಗುವಂತೆ ಅವಳು ಏರ್ಪಾಡು ಮಾಡುತ್ತಾಳೆ. ಆಗ ನಾನು ಯಾರ ಪರವೂ ಮಾತನಾಡಿರಲಿಲ್ಲ. ಈಗ ಕೇಳಿದರೆ ಹಿಂದಿನ ಬೆಂಚಿನವರ ಜೊತೆ ನಿಲ್ಲುತ್ತೇನೆ.