ಗಮನ ಚದುರದಿರಲು ಏನು ಮಾಡುತ್ತೀರಿ ಎಂದು ಕೇಳುವವರಿಗೆ

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಒಂದೊಂದು ಒತ್ತಕ್ಷರವನ್ನೂ ಕಣ್ಣಿಟ್ಟು ನೋಡಬೇಕಾಗುವುದರಿಂದ ಪರಿಚಯದವರು ಮತ್ತೆ ಮತ್ತೆ ಕೇಳುತ್ತಾರೆ: "ನಿಮಗೆ ಮೊಬೈಲ್ ಕಡೆ ಗಮನ ಹೋಗುವುದಿಲ್ಲವೇ? ಅದಕ್ಕೆ ಏನು ಮಾಡುತ್ತೀರಿ?" ಯಾವುದಾದರೂ ಆ್ಯಪ್‌ನ ಹೆಸರು ಹೇಳುತ್ತೇನೆಂದು ಕಾಯುತ್ತಾರೆ. ನಾನು ತಿರುಗಿ ಕೇಳುವುದು, ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು.

ನಿದ್ದೆಗೆಟ್ಟ ಮರುದಿನ ನನ್ನ ಮೇಜಿನ ಮುಂದೆ ಏನಾಗುತ್ತದೆ ಎಂಬುದನ್ನು ಬಹಳ ಸಲ ಗಮನಿಸಿದ್ದೇನೆ. ಪುಟದ ನಡುವೆ ಒಂದು ಉದ್ದನೆಯ ವಾಕ್ಯ ಬರುತ್ತದೆ. ಕರ್ತೃಪದ ಮೇಲೆಲ್ಲೋ, ಕ್ರಿಯಾಪದ ಕೆಳಗೆಲ್ಲೋ. ಒಮ್ಮೆ ಓದಿದರೆ ಹಿಡಿತಕ್ಕೆ ಸಿಗುವುದಿಲ್ಲ. ಎರಡನೆಯ ಸಲ ಓದುವಷ್ಟರಲ್ಲಿ ಎಡಗೈ ಆಗಲೇ ಮೊಬೈಲಿನ ಮೇಲಿರುತ್ತದೆ. ಅದು ಸದ್ದು ಮಾಡಿರುವುದಿಲ್ಲ, ಯಾರ ಸಂದೇಶವೂ ಬಂದಿರುವುದಿಲ್ಲ. ದಣಿದ ಮನಸ್ಸು ಕಷ್ಟದ ವಾಕ್ಯದಿಂದ ತಪ್ಪಿಸಿಕೊಂಡು ಸುಲಭದ ಕಡೆಗೆ ಜಾರಿರುತ್ತದೆ. ಚೆನ್ನಾಗಿ ನಿದ್ದೆಯಾದ ದಿನ ಅಂಥದೇ ವಾಕ್ಯದ ಮುಂದೆ ಕೈ ಪೆನ್ಸಿಲನ್ನು ಬಿಡುವುದಿಲ್ಲ.

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ತೂಕಡಿಕೆ ತರುವ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ; ನಿದ್ದೆಯಲ್ಲಿ ಅದು ಇಳಿಯುತ್ತದೆ. ಕಾಫಿ ಅದರ ಪರಿಣಾಮವನ್ನು ಕೆಲವು ಗಂಟೆ ತಡೆಹಿಡಿಯುತ್ತದೆಯೇ ಹೊರತು ನಿದ್ದೆಯ ಬಾಕಿಯನ್ನು ತೀರಿಸುವುದಿಲ್ಲ. ವಯಸ್ಕರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕು ಎಂದು ನಿದ್ರಾತಜ್ಞರು ಹೇಳುವುದನ್ನು ನಾನು ಅಕ್ಷರಶಃ ಪಾಲಿಸುತ್ತೇನೆ. ಮೊಬೈಲ್ ರಾತ್ರಿ ಬೇರೆ ಕೋಣೆಯಲ್ಲಿರುತ್ತದೆ. ಬೆಳಿಗ್ಗೆ ಎಬ್ಬಿಸಲು ಒಂದು ಅಲಾರಂ ಗಡಿಯಾರವಿದೆ.

"ನನಗೆ ಮೊಬೈಲ್ ನೋಡುವುದೇ ವಿಶ್ರಾಂತಿ" ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಐದು ನಿಮಿಷದಲ್ಲಿ ಇಪ್ಪತ್ತು ವಿಡಿಯೊ ನೋಡಿ ಕರಡಿಗೆ ಮರಳಿದರೆ ತಲೆಯಲ್ಲಿ ಏನೇನು ಉಳಿದಿರುತ್ತದೋ ಯೋಚಿಸಿ. ಕಣ್ಣಿಗೂ ಬಿಡುವಿಲ್ಲ, ಕತ್ತಿಗೂ ಇಲ್ಲ.

ನನ್ನ ವಿರಾಮವೆಂದರೆ ಎದ್ದು ನಡೆಯುವುದು, ಕೈಯಲ್ಲಿ ಮೊಬೈಲ್ ಇಲ್ಲದೆ. ಒಮ್ಮೆ ಒಂದು ಚರಿತ್ರೆಯ ಪುಸ್ತಕದ ಕರಡು ನೋಡುತ್ತಿದ್ದೆ. ಏನೋ ಸರಿಯಿಲ್ಲ ಎನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಪುಟ ಮುಚ್ಚಿಟ್ಟು ಹೊರಟೆ. ಹತ್ತು ನಿಮಿಷ ನಡೆದಿರಬೇಕು, ಥಟ್ಟನೆ ಹೊಳೆಯಿತು: ಮೂರನೆಯ ಅಧ್ಯಾಯದಲ್ಲಿ ತೀರಿಕೊಂಡ ವ್ಯಕ್ತಿ ಏಳನೆಯ ಅಧ್ಯಾಯದಲ್ಲಿ ಪತ್ರ ಬರೆಯುತ್ತಿದ್ದ. ಮೇಜಿನ ಮುಂದೆ ಕುಳಿತು ಅದೇ ಪುಟವನ್ನು ದಿಟ್ಟಿಸುತ್ತಿದ್ದರೆ ಅದು ಸಿಗುತ್ತಿರಲಿಲ್ಲ ಎಂದೇ ನಂಬಿದ್ದೇನೆ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೆರಡು ನಿಮಿಷದೊಳಗೇ ಆಯಿತು. ಒಂದೇ ಸಲ ಮಾಡಬೇಕೆಂದೂ ಇಲ್ಲ. ನೋಟಿಫಿಕೇಶನ್ ನಿಲ್ಲಿಸುವುದು, ಮೊಬೈಲನ್ನು ಕೈಗೆಟುಕದ ಕಡೆ ಇಡುವುದು, ಇವೂ ಬೇಕು. ಅದಕ್ಕೆ ಎರಡು ನಿಮಿಷ ಸಾಕು.

ಎಳೆಮಗುವಿನ ತಾಯಿಯೋ ರಾತ್ರಿ ಪಾಳಿಯವರೋ ಈ ಪ್ರಶ್ನೆ ಕೇಳಿದಾಗ ಮಾತ್ರ ನನಗೆ ಮಾತು ಬರುವುದಿಲ್ಲ. ಏಳು ಗಂಟೆ ಮಲಗಿ ಎಂದು ಅವರಿಗೆ ಹೇಗೆ ಹೇಳಲಿ? ಗಮನ ನಿಲ್ಲದಿರುವುದು ನಿಮ್ಮ ಸೋಮಾರಿತನವಲ್ಲ, ದಣಿವು ಎಂದಷ್ಟೇ ಹೇಳುತ್ತೇನೆ. ಹಗಲಿನಲ್ಲಿ ಅರ್ಧ ಗಂಟೆ ಬಿಡುವು ಸಿಕ್ಕರೆ ಮೊಬೈಲ್ ತೆರೆಯಬೇಡಿ, ಮಲಗಿಬಿಡಿ ಎನ್ನುತ್ತೇನೆ.