ಎರಡು ದೋಣಿಯ ಮೇಲೆ ಒಂದೊಂದು ಕಾಲು

12 ಅಕ್ಟೋಬರ್ 2024, ಶನಿವಾರ, ವಿಜಯದಶಮಿ
ಸೌತಾಂಪ್ಟನ್

ಬೆಳಿಗ್ಗೆ ಒಂಬತ್ತಕ್ಕೇ ಹ್ಯಾಂಬಲ್ ನದಿಯ ದಂಡೆಯಲ್ಲಿದ್ದೆವು. ಕೊಳ್ಳಲೆಂದು ನೋಡಲು ಹೋಗಿದ್ದು 37 ಅಡಿಯ ಒಂದು ಮೋಟರ್‌ಸೇಲರ್, ಹಾಯಿಯಿಂದಲೂ ಎಂಜಿನ್ನಿನಿಂದಲೂ ಸಾಗುವ ಹಡಗು. ಎಪ್ಪತ್ತರ ದಶಕದ ಹಡಗು, ಎರಡು ಕಂಬದ ಕೆಚ್, ನಡುವೆ ಪೊಲೀಸ್ ಚೌಕಿಯಂತೆ ಎದ್ದು ನಿಂತ ವೀಲ್‌ಹೌಸ್, ಅಂದರೆ ಚುಕ್ಕಾಣಿಯ ಕೋಣೆ. ಈ ವರ್ಷ ನೋಡಿದ್ದರಲ್ಲಿ ಇದು ಐದನೆಯದು. ಹೆಂಡತಿಗೆ ಕಂಡ ಕೂಡಲೇ ಇಷ್ಟವಾಯಿತು: ಮಳೆ ಬಂದರೆ ಒಳಗೆ ಕೂತು ಚುಕ್ಕಾಣಿ ಹಿಡಿಯಬಹುದಲ್ಲ! ನಾನು ಮಾತಾಡದೆ ನೆಲದ ಹಲಗೆ ಎತ್ತಿ ಎಂಜಿನ್ ಕಡೆಗೆ ಇಳಿದೆ.

ಮೂವತ್ತು ವರ್ಷ ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿದ್ದವನ ಚಾಳಿ ಇದು. ಬೇರೆಯವರು ಹಾಯಿ ನೋಡುತ್ತಾರೆ, ನಾನು ಬಿಲ್ಜ್ (ಕೊಳೆನೀರು ನಿಲ್ಲುವ ಹಡಗಿನ ತಳ) ಮೂಸುತ್ತೇನೆ. ಇಲ್ಲಿ ಡೀಸೆಲ್ ವಾಸನೆಯ ಜೊತೆ ಹುಳಿವಾಸನೆಯೂ ಇತ್ತು. ಟ್ಯಾಂಕಿನ ತಳದಲ್ಲಿ ನೀರು ನಿಂತು, ಡೀಸೆಲ್ಲಿಗೂ ನೀರಿಗೂ ನಡುವಿನ ಪದರದಲ್ಲಿ ಜೀವಾಣು ಬೆಳೆದಿರಬೇಕು. ಶಾಂತ ನೀರಿನಲ್ಲಿ ಅದು ತಳದಲ್ಲೇ ಮಲಗಿರುತ್ತದೆ. ಸಮುದ್ರ ಕಲಕಿದ ದಿನ ಎದ್ದು ಬಂದು ಫಿಲ್ಟರ್ ಕಟ್ಟುತ್ತದೆ, ಎಂಜಿನ್ ಅತ್ಯಗತ್ಯವಾದ ಅದೇ ದಿನ.

ಫಿಶರ್ ಎಂಬ ಹೆಸರಿನ ಮೋಟರ್‌ಸೇಲರುಗಳು ಹುಟ್ಟಿದ್ದು ಇದೇ ನದಿಯ ಬದಿಯಲ್ಲಿ. ವಯಟ್ ಮತ್ತು ಫ್ರೀಮನ್ ವಿನ್ಯಾಸ ಮಾಡಿ, ಫೇರ್‌ವೇಸ್ ಮರೀನ್ ಕಟ್ಟಿದ ಆ ಗುಂಡುಹೊಟ್ಟೆಯ ದೋಣಿಗಳು ಉತ್ತರ ಸಮುದ್ರದ ಮೀನುದೋಣಿಗಳ ಚಹರೆಯವು. ಫಿನ್ಲೆಂಡಿನಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ನಾಟಿಕ್ಯಾಟ್ ಎಂಬ ಇನ್ನೊಂದು ಮೋಟರ್‌ಸೇಲರ್ ಬಂತು. ನಾನು ಇವತ್ತು ನೋಡಿದ್ದು ಇವೆರಡರಲ್ಲಿ ಯಾವುದೂ ಅಲ್ಲ. ಯಾವ ಯಾರ್ಡಿನದೆಂದು ಬರೆಯುವುದೂ ಇಲ್ಲ. ಐವತ್ತು ವರ್ಷದಲ್ಲಿ ಎಷ್ಟು ಕೈ ದಾಟಿದೆಯೋ, ಯಾರನ್ನು ಬೈಯುವುದು?

ಇಂಥ ಹಡಗುಗಳಿಗೆ ಇಲ್ಲಿನವರು ಇಟ್ಟಿರುವ ಅಡ್ಡಹೆಸರು 'ಫಿಫ್ಟಿ-ಫಿಫ್ಟಿ'. ಅರ್ಧ ಹಾಯಿ, ಅರ್ಧ ಎಂಜಿನ್. ನಮ್ಮಲ್ಲಿ ಇದಕ್ಕೇ ಎರಡು ದೋಣಿಯ ಮೇಲೆ ಕಾಲಿಡುವುದು ಅನ್ನುತ್ತಾರೆ. ಐದು ಹಡಗು ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಸಮಪಾಲು ಎಂಬುದು ಬರೀ ಮಾರುವವರ ಮಾತು. ಒಂದು ಯಜಮಾನ, ಇನ್ನೊಂದು ಆಳು. ಯಾವುದು ಯಾವುದೆಂದು ಕಾಗದದ ಮೇಲೆ ಮೊದಲು ತೀರ್ಮಾನ ಆಗಬೇಕು. ಆಗದಿದ್ದರೆ ಗಾಳಿಗೆ ಏಳದ ಹಾಯಿ, ಸಾಗರ ದಾಟಿಸದ ಟ್ಯಾಂಕು, ಎರಡೂ ನಮ್ಮ ಪಾಲಿಗೆ ಬರುತ್ತವೆ. ಇವತ್ತಿನದು ಹಾಗೆಯೇ ಇತ್ತು. ಟ್ಯಾಂಕು 400 ಲೀಟರ್, ಹಾಯಿ ಕರವಸ್ತ್ರದಷ್ಟು.

ಮಧ್ಯಾಹ್ನ ಮನೆಗೆ ಬಂದು ಲೆಕ್ಕಕ್ಕೆ ಕೂತೆ. ಕೊಳ್ಳುವುದು ಬಿಟ್ಟು ಕಟ್ಟಿಸುವುದಾದರೆ ಹೇಗೆ ಎಂದು ಆರು ತಿಂಗಳಿಂದ ಗೀಚುತ್ತಿರುವ ನಕ್ಷೆ ಇದೆಯಲ್ಲ, ಅದಕ್ಕೆ. ತೂಕ 14 ಟನ್, ನೀರುಗೆರೆಯ ಉದ್ದ, ಅಂದರೆ ನೀರಿನ ಮಟ್ಟದಲ್ಲಿ ಒಡಲಿನ ಉದ್ದ, 32 ಅಡಿ. ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ 7.6 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು). ನೀರನ್ನು ಸೀಳಿ ಸಾಗುವ ಒಡಲಿಗೆ ಅದೇ ಲಕ್ಷ್ಮಣರೇಖೆ. ಅಲ್ಲಿಗೆ ಹತ್ತಿರವಾದಷ್ಟೂ ಹಡಗು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಡೀಸೆಲ್ ಆ ಹೆಣಗಾಟಕ್ಕೇ ಖರ್ಚಾಗುತ್ತದೆ. ನನ್ನ ಅಂದಾಜಿನಲ್ಲಿ 5.5 ನಾಟಿಗೆ ಗಂಟೆಗೆ ಮೂರೂಕಾಲು ಲೀಟರ್ ಸಾಕು. 6.5ಕ್ಕೆ ಆರು ಲೀಟರ್. 7.5 ಬೇಕೆಂದರೆ ಹದಿಮೂರು! ಸಾವಿರ ಲೀಟರ್ ಹಾಕಿಸಿ, ಐದರಲ್ಲೊಂದು ಪಾಲು ಮುಟ್ಟದೆ ಇಟ್ಟರೆ, ಮೊದಲ ವೇಗದಲ್ಲಿ 1,300 ನಾಟಿಕಲ್ ಮೈಲು ಹೋಗಬಹುದು, ಕೊನೆಯದರಲ್ಲಿ 460. ಎರಡು ನಾಟಿನ ಆಸೆಗೆ ಮೂರರಲ್ಲೆರಡು ಪಾಲಿನಷ್ಟು ದೂರವನ್ನೇ ತೆರುವ ವ್ಯಾಪಾರ ಇದು. ಹೆಂಡತಿಗೆ ತೋರಿಸಿದೆ. "ಅವಸರ ಯಾರಿಗಿದೆ? ನಿವೃತ್ತಿ ಆಗಿದೆಯಲ್ಲ" ಅಂದಳು.

ಅಟ್ಲಾಂಟಿಕ್ ದಾಟಿ ಹೋಗಿ ಬರಬೇಕಾದ ದಾರಿ ನೋಡಿದರೆ 1,300 ಸಾಕೇ? ಫಾಲ್ಮತ್‌ನಿಂದ ಅಜೋರ್ಸಿನ ಹೋರ್ಟಾ ಸುಮಾರು 1,200. ಅದೇನೋ ಆಯಿತು. ಕೇಪ್ ವರ್ಡೆಯ ಮಿಂಡೆಲೋದಿಂದ ಬಾರ್ಬಡೋಸ್ 2,000ಕ್ಕೂ ಮೇಲೆ. ಆದರೆ ಅಲ್ಲಿ ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ಬೀಸುತ್ತದೆ, ಎಂಜಿನ್ ಏಕೆ? ಬರ್ಮುಡಾದಿಂದ ಹೋರ್ಟಾಕ್ಕೆ ವಾಪಸು ಬರುವ 1,800 ಮೈಲಿನದ್ದೇ ಪೇಚು. ಅಜೋರ್ಸ್ ಸುತ್ತ ಅಧಿಕ ಒತ್ತಡದ ಪ್ರದೇಶ ಠಾಣೆ ಹೂಡಿದರೆ ವಾರಗಟ್ಟಲೆ ಗಾಳಿ ಇರುವುದಿಲ್ಲ. ಆಗ ಎಂಜಿನ್ ಬೇಕು. ಹೀಗೆ ದಾರಿಯನ್ನು ತುಂಡು ತುಂಡು ಮಾಡಿ ನೋಡಿದಾಗ ನನಗೇ ಮುಜುಗರವಾಗುವ ಉತ್ತರ ಬಂತು. ಯಜಮಾನಿಕೆ ಹಾಯಿಯದು. ಎಂಜಿನಿಯರಾಗಿ ಇದನ್ನು ಬರೆಯಲು ಕೈ ಹಿಂದೆ ಬರುತ್ತದೆ, ಆದರೂ.

ಬರೀ ಎಂಜಿನ್ ನಂಬಿ ಹೋದವರಿದ್ದಾರೆ. ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ಆಗಿದ್ದ ರಾಬರ್ಟ್ ಬೀಬೆ ತಾನೇ ವಿನ್ಯಾಸ ಮಾಡಿದ 50 ಅಡಿಯ 'ಪ್ಯಾಸೇಜ್‌ಮೇಕರ್' ಅನ್ನು ಸಿಂಗಪುರದಲ್ಲಿ ಕಟ್ಟಿಸಿ, 1963ರಲ್ಲಿ ಹಿಂದೂ ಮಹಾಸಾಗರ, ಕೆಂಪು ಸಮುದ್ರದ ದಾರಿಯಲ್ಲಿ ಗ್ರೀಸಿಗೆ ಒಯ್ದ. ಅದೇ ದಾರಿಯನ್ನು ಹಿಂದುಮುಂದು ಮಾಡಿ ನಮ್ಮ ಗಂಗೊಳ್ಳಿ ಅಳಿವೆಗೆ ಹಡಗು ತರಬೇಕೆಂಬುದು ನನ್ನ ಹಳೆಯ ಹುಚ್ಚು. ಕಳೆದ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಕ್ಷಿಪಣಿ ಹಾರುತ್ತಿವೆ, ದೊಡ್ಡ ಕಂಟೇನರ್ ಹಡಗುಗಳೇ ಆಫ್ರಿಕಾ ಸುತ್ತಿ ಹೋಗುತ್ತಿವೆ. ಆ ಹುಚ್ಚು ಸದ್ಯಕ್ಕೆ ಪೆಟ್ಟಿಗೆಯಲ್ಲಿ.

ಅಪ್ಪ ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಯಲ್ಲಿದ್ದವರು. ಹಾಯಿಯೂ ಇತ್ತು, ಎಂಜಿನ್ನೂ ಇತ್ತು. ಸರ್ಕಾರಿ ಕಾಗದದಲ್ಲಿ ಅದಕ್ಕೆ 'ಮೆಕನೈಸ್ಡ್ ಸೇಲಿಂಗ್ ವೆಸೆಲ್' ಎಂದೇ ಹೆಸರು. ಇಂಗ್ಲೆಂಡಿಗೆ ಬಂದು ಮೋಟರ್‌ಸೇಲರ್ ಎಂಬ ಪದ ಕಲಿತಾಗ ಇದೆಂಥ ಹೊಸದು ಅಂದುಕೊಂಡಿದ್ದೆ, ಊರಲ್ಲೇ ನೋಡಿದ್ದೇ ಅದು! "ಗಾಳಿ ಇಪ್ಪತಿಗೆ ಎಣ್ಣಿ ಸುಡೂದ್ ಎಂತಕ್ಕೆ?" ಅನ್ನುತ್ತಿದ್ದರು ಅಪ್ಪ. ಲೆಕ್ಕ ಹಾಕಿ ನಾನು ಬಂದು ನಿಂತದ್ದೂ ಅಲ್ಲಿಗೇ.

ಹಾಯಿ ಯಜಮಾನನಾದರೆ ಅದಕ್ಕೆ ತಕ್ಕ ಬಟ್ಟೆ ಕೊಡಬೇಕು. ಹಾಯಿಯ ವಿಸ್ತೀರ್ಣಕ್ಕೂ ತೂಕಕ್ಕೂ ವಿನ್ಯಾಸಕಾರರು ಸೂತ್ರ ಹಾಕಿ ತೆಗೆಯುವ ಅನುಪಾತ (ನೇರ ಭಾಗಾಕಾರವಲ್ಲ) ಹಳೆಯ ಮೋಟರ್‌ಸೇಲರುಗಳಲ್ಲಿ 12-13 ಇರುತ್ತದೆ. ನಾನು 15ಕ್ಕೆ ಎಳೆದಿದ್ದೇನೆ, ಅಂದರೆ 14 ಟನ್ನಿಗೆ 930 ಚದರಡಿ. ಕಂಬ ಎತ್ತರವಾದರೆ ಭಾರ ಮೇಲೇರುತ್ತದೆ, ವೀಲ್‌ಹೌಸ್ ಮೊದಲೇ ಮೇಲಿದೆ. ಅದಕ್ಕೇ ಕೆಚ್: ಅಷ್ಟೇ ಬಟ್ಟೆ, ಎರಡು ಗಿಡ್ಡ ಕಂಬಗಳಿಗೆ ಹಂಚಿ. ಅರವತ್ತು ದಾಟಿದ ಇಬ್ಬರು ಎಳೆಯಬೇಕಾದ ಹಗ್ಗವೂ ಹಗುರ.

ಪ್ರೊಪೆಲ್ಲರ್ ವಿಷಯದಲ್ಲಿ ಮಾತ್ರ ನಾನು ಎಂಜಿನಿಯರಾಗಿಯೇ ಉಳಿಯುತ್ತೇನೆ. ಬೆಳಿಗ್ಗೆ ಕಂಡದ್ದು ಬಕೆಟ್ಟಿನಷ್ಟು ದೊಡ್ಡ ಮೂರೆಲೆಯ ಗಟ್ಟಿ ಪ್ರೊಪೆಲ್ಲರ್. ಹಾಯಿಯಲ್ಲಿ ಹೋಗುವಾಗ ಅದು ನೀರಿನಲ್ಲಿ ಎಳೆದೊಯ್ಯುವ ಕಲ್ಲು. ಮಡಚುವ ಪ್ರೊಪೆಲ್ಲರ್ ಹಾಕಿದರೆ ಎಳೆತ ಹೋಗುತ್ತದೆ ನಿಜ, ಆದರೆ ಇನ್ನೊಂದು ರೋಗವಿದೆ, ಅದನ್ನು ಯಾರೂ ಹೇಳುವುದಿಲ್ಲ. ಹಾಯಿಯೂ ಎಂಜಿನ್ನೂ ಒಟ್ಟಿಗೆ ಕೆಲಸ ಮಾಡುವಾಗ ಎಂಜಿನ್ನಿಗೆ ಭಾರವೇ ಬೀಳುವುದಿಲ್ಲ. ಡೀಸೆಲ್ ಎಂಜಿನ್ ಗಂಟೆಗಟ್ಟಲೆ ಖಾಲಿ ಓಡಿದರೆ ಸರಿಯಾಗಿ ಬಿಸಿಯಾಗುವುದಿಲ್ಲ, ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಎಣ್ಣೆ ಕುಡಿಯಲು ಶುರು. ಡೆನ್ಮಾರ್ಕಿನ ಹುಂಡೆಸ್ಟೆಡ್‌ನಂಥ, ಎಲೆಯ ಓರೆಯನ್ನು ಒಳಗಿಂದಲೇ ತಿರುಗಿಸಬಹುದಾದ ಪ್ರೊಪೆಲ್ಲರ್ ಇದ್ದರೆ ಓರೆ ಹೆಚ್ಚಿಸಿ, ಸುತ್ತು ಇಳಿಸಿ, ಎಂಜಿನ್ನಿಗೆ ಹದವಾದ ಕೆಲಸ ಕೊಡಬಹುದು. ಹಾಯಿಯಷ್ಟೇ ಸಾಕೆಂದಾಗ ಎಲೆಗಳನ್ನು ನೀರಿನ ಓಟಕ್ಕೆ ನೇರ ಮಾಡಿ ಮಲಗಿಸಬಹುದು. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಆದರೂ ಅಡಿಗೆಮನೆಯ ಫ್ರಿಜ್, ಬಿಸಿನೀರು, ಮುಂದಿನ ಕ್ಯಾಬಿನ್ನಿನ ಮರಗೆಲಸ ಎಲ್ಲ ಬಿಟ್ಟು ನಾನು ಇದನ್ನೇ ತೆಗೆದುಕೊಳ್ಳುವವನು. (ಹೆಂಡತಿ ಓದುತ್ತಿದ್ದರೆ: ಫ್ರಿಜ್ ಬಿಡುವುದಿಲ್ಲ.)

ವೀಲ್‌ಹೌಸ್ ಬಗ್ಗೆ ಇಬ್ಬರಿಗೂ ಒಂದೇ ಅಭಿಪ್ರಾಯ, ಕಾರಣ ಬೇರೆ ಬೇರೆ. ಅವಳಿಗೆ ಬೆಚ್ಚಗಿನ ಜಾಗ. ನನಗೆ ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು, ನೆನೆದು, ತಪ್ಪು ನಿರ್ಧಾರ ಮಾಡದಿರುವ ಜಾಗ. ಭಯ ಇರುವುದು ಕಿಟಕಿಯದು. ದೊಡ್ಡ ಗಾಜಿಗೆ ಒಂದು ಇಡೀ ಅಲೆ ಬಡಿದರೆ? ಹೊರಗಿಂದ ಬಿಗಿಯುವ ದಪ್ಪ ಪಾಲಿಕಾರ್ಬೊನೇಟ್ ಮುಚ್ಚಳ ಪ್ರತಿ ಕಿಟಕಿಗೂ ಬೇಕು, ಬೋಲ್ಟು ಈಗಲೇ ಕೂರಿಸಿರಬೇಕು. ಇವತ್ತಿನ ಹಡಗಿಗೆ ಎರಡೂ ಬದಿಯಲ್ಲಿ ಸರಿಯುವ ಬಾಗಿಲಿತ್ತು, ಬಂದರಿನಲ್ಲಿ ಎಷ್ಟು ಅನುಕೂಲ! ಸಾಗರಯಾನದ ಎ ವರ್ಗಕ್ಕೆ ಐಎಸ್ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ನಿಯಮದ ಪ್ರಕಾರ 14 ಟನ್ನಿನ ಹಾಯಿ ಹಡಗು 102 ಡಿಗ್ರಿ ವಾಲಿದರೂ ತಾನಾಗಿ ಎದ್ದೇಳಬೇಕು. ಬದಿಯ ಬಾಗಿಲು ತೆರೆದಿದ್ದರೆ ಅಷ್ಟು ವಾಲುವ ಎಷ್ಟೋ ಮೊದಲೇ ಒಳಗೆ ನೀರು. ನನ್ನ ನಕ್ಷೆಯಲ್ಲಿ ಬಾಗಿಲು ಒಂದೇ, ಹಿಂಬದಿಯ ನಡುಮಧ್ಯೆ.

ಇನ್ನು ಉಳಿದದ್ದೆಲ್ಲ ಬೇಗ ತೀರ್ಮಾನವಾಯಿತು. ಪ್ರೊಪೆಲ್ಲರನ್ನೂ ಚುಕ್ಕಾಣಿಯನ್ನೂ ಕಾಯುವ ಉದ್ದನೆಯ ಕೀಲ್ (ಒಡಲಿನ ಅಡಿಯ ಬೆನ್ನೆಲುಬು). ಟ್ಯಾಂಕು ಎರಡು, ತಳದಲ್ಲಿ ನೀರು ಬಸಿಯುವ ಗುಂಡಿ, ಮೇಲೊಂದು ಚಿಕ್ಕ ಡೇ ಟ್ಯಾಂಕ್, ದಿನದ ಖರ್ಚಿನ ಡೀಸೆಲ್ಲಿಗೆ.

ಬೆಳಿಗ್ಗೆಯ ಒಂದು ಸಂಗತಿ ಬರೆಯದೆ ಬಿಡಲಾಗದು. ನಿನ್ನೆ ಆಯುಧಪೂಜೆಗೆ ನನ್ನ ಸ್ಪ್ಯಾನರ್ ಪೆಟ್ಟಿಗೆಗೆ ಹಚ್ಚಿದ ಕುಂಕುಮ ಜೇಬಿನ ಪೊಟ್ಟಣದಲ್ಲೇ ಉಳಿದಿತ್ತು. ಆ ಎಂಜಿನ್ ಪಾಪ ಐವತ್ತು ವರ್ಷ ದುಡಿದಿದೆ, ಒಂದು ಬೊಟ್ಟು ಇಟ್ಟೆ. ಐದು ನಿಮಿಷ ಬಿಟ್ಟು ಇಣುಕಿದ ದಲ್ಲಾಳಿಯ ಮುಖ ಇಳಿಯಿತು. ಸರ್ವೇಯರುಗಳು ದೋಷ ಕಂಡಲ್ಲಿ ಕೆಂಪು ಬಳಪದಲ್ಲಿ ಗುರುತು ಹಾಕುತ್ತಾರಲ್ಲ, ಅದೆಂದುಕೊಂಡಿದ್ದಾನೆ. ನಾನು ಬಾಯಿ ಬಿಡುವ ಮೊದಲೇ ಬೆಲೆ ಎರಡು ಸಾವಿರ ಪೌಂಡ್ ಇಳಿಸಿದ. ಸತ್ಯ ಹೇಳಿದೆ, ನಕ್ಕ, ಬೆಲೆ ಮತ್ತೆ ಏರಿತು.

ರಾತ್ರಿ ಊಟವಾದ ಮೇಲೆ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ಹೆಂಡತಿ ಕನ್ನಡಕ ಏರಿಸಿ ವೀಲ್‌ಹೌಸಿನ ಬೆಂಚನ್ನು ಸ್ಕೇಲಿನಲ್ಲಿ ಅಳೆದಳು. ಐದಡಿ ಆರಿಂಚು. "ಪಾಳಿ ಬಿಟ್ಟವರು ಇಲ್ಲೇ ಕಾಲು ಚಾಚಿ ಮಲಗಬೇಕು, ಆರಡಿ ಮಾಡಿ" ಅಂದಳು. ಆ ಆರಿಂಚು ಎಂಜಿನ್ ಕೋಣೆಯಿಂದಲೇ ಬರಬೇಕು. ಈಗ ಹನ್ನೊಂದು ಗಂಟೆ, ರಬ್ಬರ್ ಹುಡುಕುತ್ತಿದ್ದೇನೆ.